ಎಂಟನೇ ಕ್ಲಾಸಿಗೆ ಮೇಡಂ ಅವ್ರಾ?

ನಮ್ಮಕ್ಕ ಏಳನೇ ಕ್ಲಾಸು ಪಾಸು ಮಾಡಿದ್ದು 2005ರಲ್ಲಿ. ನಮ್ಮೂರಿನ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಹೈಸ್ಕೂಲಿಗೆ ಅಂದರೆ ಹೋಬಳಿ ಊರಿಗೆ ಹೋಗಬೇಕು. ಆರು ಕಿಲೋಮೀಟರು, ನಡುವೆ ಒಂದು ಕೆರೆ ಏರಿ, ಆಮೇಲೆ ಗೌಡರ ಮಾವಿನ ತೋಪು. ಅಪ್ಪ ಟಿ.ಸಿ. ತರಲು ಹೊರಟಾಗ ಅವ್ವ ಕೇಳಿದ್ದು ಒಂದೇ ಮಾತು: 'ಎಂಟನೇ ಕ್ಲಾಸಿಗೆ ಮೇಡಂ ಯಾರಾದ್ರೂ ಅವ್ರಾ?' ಅಪ್ಪ ವಿಚಾರಿಸಿಕೊಂಡು ಬಂದ. ಎಂಟು ಜನ ಮೇಷ್ಟ್ರು, ಎಂಟೂ ಜನ ಗಂಡಸರು. ಅಕ್ಕ ಆ ವರ್ಷವೇ ದೊಡ್ಡೋಳಾಗಿದ್ದಳು. ಮಾತು ಅಲ್ಲಿಗೆ ನಿಂತಿತು. ಜೂನ್ ತಿಂಗಳಲ್ಲಿ ಅವಳು ಅವ್ವನ ಜೊತೆ ಕಳೆ ಕೀಳಲು ಹೋದಳು. ಮರುವರ್ಷ ಸರ್ಕಾರ ಎಂಟನೇ ಕ್ಲಾಸಿನ ಬಡ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಕೆಲವು ವರ್ಷ ಬಿಟ್ಟು ಆ ಸೈಕಲ್ ತುಳಿದುಕೊಂಡು ಅದೇ ಕೆರೆ ಏರಿ ಮೇಲೆ ಅದೇ ಹೈಸ್ಕೂಲಿಗೆ ಹೋದವನು ನಾನು. ನಮ್ಮ ವಂಶದಲ್ಲೇ ಮೊದಲನೇ ಬಿ.ಎ. ಅಂತ ಕೇರಿಯವರು ನನಗೆ ಹಾರ ಹಾಕಿದ ದಿನ ಅಕ್ಕ ಕಾಫಿ ಲೋಟ ತೊಳೆಯುತ್ತಿದ್ದಳು.

ಅವ್ವನ ಆ ಪ್ರಶ್ನೆಯನ್ನು ನಾನು ಬಹಳ ದಿನ ಹಳ್ಳಿ ಹೆಂಗಸಿನ ಅಂಜಿಕೆ ಅಂತಲೇ ತಿಳಿದಿದ್ದೆ. ನಾಲ್ಕು ಪುಸ್ತಕ ತಿರುವಿ ಹಾಕಿದ ಮೇಲೆ ಗೊತ್ತಾಯಿತು, ಯುನೆಸ್ಕೋದಲ್ಲಿ ಕೂತು ಅಂಕಿ ಅಂಶ ಬರೆಯುವ ತಜ್ಞರೂ ಕೇಳುವುದು ಇದನ್ನೇ. ಹೈಸ್ಕೂಲಲ್ಲಿ ಮೇಡಂ ಇಲ್ಲದ ಕಡೆ ಹೆಣ್ಣುಮಕ್ಕಳು ನಿಲ್ಲುವುದು ಕಮ್ಮಿ. ಹೆಣ್ಣುಮಕ್ಕಳು ನಿಲ್ಲದ ಕಡೆ ನಾಳಿನ ಮೇಡಂ ಎಲ್ಲಿಂದ ಬರಬೇಕು? ಪ್ರಪಂಚದ ಪ್ರೈಮರಿ ಶಾಲೆಗಳಲ್ಲಿ ಪಾಠ ಹೇಳುವವರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಹೆಂಗಸರು. ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಿದ್ದ ಹಾಗೇ ಅದು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾ ದೇಶಗಳಲ್ಲಿ ಹತ್ತು ಜನ ಹೈಸ್ಕೂಲು ಮೇಷ್ಟ್ರಲ್ಲಿ ಹೆಂಗಸರು ಮೂವರ ಆಸುಪಾಸು. ಆಫ್ಘಾನಿಸ್ತಾನದಲ್ಲಿ 2021ರಲ್ಲಿ ತಾಲಿಬಾನಿಗಳು ಬಂದು ಹೆಣ್ಣುಮಕ್ಕಳಿಗೆ ಆರನೇ ಕ್ಲಾಸಿನಿಂದಾಚೆ ಶಾಲೆಯೇ ಇಲ್ಲದ ಹಾಗೆ ಮಾಡಿದರು. ಪ್ರಶ್ನೆ ಕೇಳುವ ತೊಂದರೆಯನ್ನೂ ತಪ್ಪಿಸಿಬಿಟ್ಟರು.

ನಮ್ಮ ದೇಶದ ಲೆಕ್ಕ ನೋಡಿ. 2019-20ರಲ್ಲಿ ಇಂಡಿಯಾದ ಒಟ್ಟು ಶಿಕ್ಷಕರಲ್ಲಿ ಹೆಂಗಸರ ಸಂಖ್ಯೆ ಗಂಡಸರ ಸಂಖ್ಯೆಯನ್ನು ದಾಟಿತು ಅಂತ ಪೇಪರಿನವರು ಸಂಭ್ರಮದಿಂದ ಬರೆದರು. ಸುಮಾರು 97 ಲಕ್ಷ ಶಿಕ್ಷಕರಲ್ಲಿ 49 ಲಕ್ಷ ಹೆಂಗಸರು. ಸಂತೋಷ. ಆದರೆ ಅದೇ ವರದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ನೋಡಬೇಕು. ಪ್ರೈಮರಿಯಲ್ಲಿ ಹೆಂಗಸರು 19.6 ಲಕ್ಷ, ಗಂಡಸರು 15.7 ಲಕ್ಷ. ಹಿರಿಯ ಪ್ರಾಥಮಿಕಕ್ಕೆ ಬಂದರೆ ಗಂಡಸರು 11.5 ಲಕ್ಷ, ಹೆಂಗಸರು 10.6 ಲಕ್ಷ. ಹೈಸ್ಕೂಲಿನಲ್ಲಿ ಗಂಡಸರು 6.3 ಲಕ್ಷ, ಹೆಂಗಸರು 5.2 ಲಕ್ಷ. ಅದರ ಮೇಲಿನ ಪಿ.ಯು. ಮಟ್ಟದಲ್ಲಿ 3.7 ಲಕ್ಷ ಗಂಡಸರಿಗೆ 2.8 ಲಕ್ಷ ಹೆಂಗಸರು. ಅ ಆ ಇ ಈ ತಿದ್ದಿಸುವುದು, ಮೂಗು ಒರೆಸುವುದು ಹೆಂಗಸರ ಕೆಲಸ; ಬೀಜಗಣಿತ, ರಸಾಯನಶಾಸ್ತ್ರ, ಸಂಬಳದ ದೊಡ್ಡ ಸ್ಕೇಲು ಗಂಡಸರ ಕೆಲಸ. ಮನೆಯೊಳಗೆ ಯಾವ ವ್ಯವಸ್ಥೆ ಇದೆಯೋ ಅದನ್ನೇ ಶಾಲೆಯ ಗೋಡೆಗೂ ಬಳಿದಿದ್ದಾರೆ.

ಇನ್ನೊಂದು ವಿಷಯ. ಈ ಲೆಕ್ಕಗಳು ನಮ್ಮ ಕೈಗೆ ಬರುವಾಗ ಹೆಣ್ಣು ಒಂದು ಕಾಲಂ, ಜಾತಿ ಇನ್ನೊಂದು ಕಾಲಂ ಆಗಿ ಬರುತ್ತವೆ. ಹೆಣ್ಣೂ ಆಗಿ, ಹೊಲಗೇರಿಯವಳೂ ಆಗಿ, ಹೈಸ್ಕೂಲಿನ ಕರಿಹಲಗೆ ಮುಂದೆ ನಿಂತವಳು ಯಾವ ಕಾಲಂನಲ್ಲಿ ಸೇರುತ್ತಾಳೆ? ಈ ಎರಡು ಕಾಲಂ ಬೇರೆಯಾದದ್ದು ಇವತ್ತು ನಿನ್ನೆಯಲ್ಲ. ಅದಕ್ಕೊಂದು ಚರಿತ್ರೆ ಇದೆ. ಅದು ಶುರುವಾಗುವುದು ಪುಣೆಯಲ್ಲಿ.

1848ರಲ್ಲಿ ಪುಣೆಯ ಭಿಡೆವಾಡಾದಲ್ಲಿ ಜೋತಿಬಾ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಪಾಠ ಹೇಳಲು ನಿಂತ ಸಾವಿತ್ರಿಬಾಯಿಗೆ ಆಗ ಹದಿನೇಳು ವರ್ಷ. ಮಾಲಿಗಳ ಮನೆಯ ಹುಡುಗಿ, ಒಂಬತ್ತಕ್ಕೆ ಮದುವೆಯಾದವಳು, ಗಂಡನಿಂದ ಅಕ್ಷರ ಕಲಿತವಳು. ಸಾವಿತ್ರಿಬಾಯಿ ಬರಿಯ ಧೈರ್ಯದಿಂದ ಟೀಚರ್ ಆಗಲಿಲ್ಲ ಅನ್ನೋದನ್ನು ನಮ್ಮ ಭಾಷಣಕಾರರು ಮರೆಯುತ್ತಾರೆ. ಅಹಮದನಗರದ ಮಿಷನ್ನಿನಲ್ಲಿ ಸಿಂಥಿಯಾ ಫರಾರ್ ಅನ್ನುವ ಅಮೆರಿಕದ ಹೆಂಗಸಿನ ಹತ್ತಿರ, ಪುಣೆಯಲ್ಲಿ ಮಿಚೆಲ್ ಅನ್ನುವವರ ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಪಡೆದರು. ದಾರಿಯಲ್ಲಿ ಸಗಣಿ, ಕಲ್ಲು ಎಸೆದದ್ದು, ಒಂದು ಸೀರೆ ಹೊಲಸಾದರೆ ಶಾಲೆಯಲ್ಲಿ ಉಟ್ಟುಕೊಳ್ಳಲು ಇನ್ನೊಂದು ಸೀರೆ ಒಯ್ಯುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ಕತೆ. ಗಂಡ ಹೆಂಡತಿ ಇಬ್ಬರೂ ಮನೆ ಬಿಟ್ಟು ಹೊರಬೀಳಬೇಕಾಯಿತು. 1856ರಲ್ಲಿ ಕಾಯಿಲೆ ಬಿದ್ದು ತವರಿಗೆ ಹೋದ ಸಾವಿತ್ರಿಬಾಯಿ ಜೋತಿಬಾಗೆ ಬರೆದ ಕಾಗದದಲ್ಲಿ ಫಾತಿಮಾಳ ಹೆಸರು ಬರುತ್ತದೆ. ತಾನಿಲ್ಲದಾಗ ಅವಳ ಮೇಲೆ ಕೆಲಸ ಜಾಸ್ತಿ ಬೀಳುತ್ತದೆ, ಆದರೂ ಗೊಣಗುವವಳಲ್ಲ ಅನ್ನುವ ಅರ್ಥದ ಮಾತು. ಒಬ್ಬ ಮೇಡಂ ಇನ್ನೊಬ್ಬ ಮೇಡಂ ಬಗ್ಗೆ ಯೋಚಿಸಿದ ಮಾತು ಅದು.

ಫುಲೆ ದಂಪತಿಗಳ ಶಾಲೆಯಲ್ಲಿ ಮಹಾರ್, ಮಾಂಗ್ ಮಕ್ಕಳೂ ಕಲಿತರು. ಮುಕ್ತಾ ಸಾಳ್ವೆ ಅನ್ನುವ ಹದಿನಾಲ್ಕರ ಮಾಂಗ್ ಹುಡುಗಿ ತನ್ನ ಜನದ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಓದುವ ಹಕ್ಕಿಲ್ಲದವರ ಧರ್ಮ ಯಾವುದು ಅಂತ ಆ ಹುಡುಗಿ ದೇವರನ್ನೇ ಕೇಳಿದಳು. ಹೆಣ್ಣು ಪಾಠ ಹೇಳಿದರೆ, ಅದೂ ಶೂದ್ರ ಹೆಣ್ಣು ಅಸ್ಪೃಶ್ಯ ಹೆಣ್ಣಿಗೆ ಪಾಠ ಹೇಳಿದರೆ, ಏಳೇ ವರ್ಷದಲ್ಲಿ ಇಂಥ ಪ್ರಶ್ನೆ ಹುಟ್ಟುತ್ತದೆ. ಸನಾತನಿಗಳು ಸುಮ್ಮನೆ ಸಗಣಿ ಎಸೆಯಲಿಲ್ಲ.

ಅಂದರೆ 1848ರಲ್ಲೇ ಜಾತಿ ಮತ್ತು ಹೆಣ್ಣು ಎರಡೂ ಒಂದೇ ಕೊಠಡಿಯಲ್ಲಿ ಕೂತಿದ್ದವು. ಅವನ್ನು ಬೇರೆ ಮಾಡಿದ್ದು ಆಮೇಲೆ. 1866ರಲ್ಲಿ ಇಂಗ್ಲೆಂಡಿನಿಂದ ಮೇರಿ ಕಾರ್ಪೆಂಟರ್ ಬಂದು ಊರೂರು ನೋಡಿ, ಹೆಣ್ಣುಮಕ್ಕಳ ಶಾಲೆ ನಡೆಯಬೇಕಾದರೆ ಮೊದಲು ಹೆಣ್ಣು ಟೀಚರುಗಳ ನಾರ್ಮಲ್ ಸ್ಕೂಲು ಬೇಕು ಅಂತ ಸರ್ಕಾರದ ಬೆನ್ನು ಹತ್ತಿದಳು. ಆ ಶಾಲೆಗಳೇನೋ ತೆರೆದವು. ಬಂದು ಸೇರುವವರು ಯಾರು? ಮೇಲ್ಜಾತಿಯ ಗಂಡ ಹೆಂಡತಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಕೆಳಜಾತಿಯವಳಿಗೆ ಓದು ಬರುವುದಿಲ್ಲ. ಹೀಗಾಗಿ ಬಹಳ ಕಾಲ ಆ ಬೆಂಚುಗಳಲ್ಲಿ ಕೂತವರು ಹೆಚ್ಚಾಗಿ ಮಿಷನ್ನಿನ ಕ್ರಿಶ್ಚಿಯನ್ ಹುಡುಗಿಯರು.

1882ರಲ್ಲಿ ಹಂಟರ್ ಕಮಿಷನ್ ಬಂತು. ಅದರ ಮುಂದೆ ಇಬ್ಬರು ಹೇಳಿದ್ದನ್ನು ನಾವು ಪಕ್ಕಪಕ್ಕ ಇಟ್ಟು ಓದಬೇಕು. ಜೋತಿಬಾ ಹೇಳಿದರು: ಪ್ರೈಮರಿ ಶಾಲೆಯ ಮೇಷ್ಟ್ರೆಲ್ಲ ಹತ್ತಿರ ಹತ್ತಿರ ಬ್ರಾಹ್ಮಣರೇ, ಉಳುವ ಜನರಿಂದಲೇ, ನೇಗಿಲು ಮುಟ್ಟಲು ನಾಚದವರಿಂದಲೇ ಮೇಷ್ಟ್ರನ್ನು ತಯಾರು ಮಾಡಿ. ಅದೇ ಕಮಿಷನ್ನಿಗೆ ಪಂಡಿತಾ ರಮಾಬಾಯಿ ಹೇಳಿದರು: ಹೆಣ್ಣುಮಕ್ಕಳಿಗೆ ಹೆಣ್ಣು ಶಿಕ್ಷಕಿಯರನ್ನೇ ತಯಾರು ಮಾಡಿ, ಹೆಣ್ಣು ಇನ್ಸ್‌ಪೆಕ್ಟರುಗಳನ್ನು ಕೊಡಿ. ರಮಾಬಾಯಿ ನಮ್ಮ ಮಲೆನಾಡಿನ ಕೂಸು, ತುಂಗೆ ಭದ್ರೆ ಹುಟ್ಟುವ ಗಂಗಾಮೂಲದ ಕಾಡಲ್ಲಿ 1858ರಲ್ಲಿ ಹುಟ್ಟಿದವರು. ಒಬ್ಬರು ಮೇಷ್ಟ್ರ ಜಾತಿ ಯಾವುದು ಅಂತ ಕೇಳಿದರು, ಒಬ್ಬರು ಮೇಷ್ಟ್ರು ಹೆಣ್ಣೋ ಗಂಡೋ ಅಂತ ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಸರ್ಕಾರದವರು ಎರಡನ್ನೂ ಬೇರೆ ಬೇರೆ ಕಡತದಲ್ಲಿ ಇಟ್ಟು ಕಟ್ಟಿದರು. ಆ ದಾರ ಇನ್ನೂ ಬಿಚ್ಚಿಲ್ಲ.

ಹೈಸ್ಕೂಲಿನ ಮಾತು ಬಂದದ್ದೇ ಇದರ ಮೇಲೆ. 1884ರಲ್ಲಿ ರಾನಡೆ ಮತ್ತು ಅವರ ಗೆಳೆಯರು ಪುಣೆಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ಶುರು ಮಾಡಿದರು. ಹುಜೂರ್‌ಪಾಗಾ ಅಂತ ಅದರ ಹೆಸರು ಈಗಲೂ ಪ್ರಸಿದ್ಧ. ಬಾಲಗಂಗಾಧರ ಟಿಳಕರ 'ಮರಾಠಾ' ಪತ್ರಿಕೆ ಈ ಹೈಸ್ಕೂಲಿನ ವಿರುದ್ಧ ಬರೆಯಿತು. ತಕರಾರು ಏನು ಗೊತ್ತೆ? ಹನ್ನೊಂದರಿಂದ ಐದರವರೆಗೆ ಹುಡುಗಿ ಶಾಲೆಯಲ್ಲಿ ಕೂತರೆ ಮನೆಗೆಲಸ ಮಾಡುವವರು ಯಾರು, ಇಷ್ಟೆಲ್ಲ ಪಾಠ ಅವಳಿಗೆ ಯಾಕೆ ಅಂತ. ಸ್ವರಾಜ್ಯ ಜನ್ಮಸಿದ್ಧ ಹಕ್ಕು ಅಂದ ಮನುಷ್ಯನ ಪತ್ರಿಕೆ ಇದು. ಪ್ರೈಮರಿ ಬೇಕಾದರೆ ಸೈ, ಹೈಸ್ಕೂಲು ಬೇಡ ಅನ್ನುವ ಗೆರೆ ಅಷ್ಟು ಹಳೆಯದು.

ಈ ಗೆರೆಯನ್ನು ಮೊದಲು ದಾಟಿದವರಲ್ಲಿ ಬಾಲವಿಧವೆಯರು ಬಹಳ ಜನ. ಇದರಲ್ಲೊಂದು ಕ್ರೂರವಾದ ತರ್ಕ ಇದೆ. ಗಂಡ ಇರುವವಳನ್ನು ಕಳಿಸುವಂತಿಲ್ಲ, ಮದುವೆಯಾಗದವಳನ್ನು ಇಟ್ಟುಕೊಳ್ಳುವಂತಿಲ್ಲ, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸಿದವಳು ಮಾತ್ರ ಯಾರಿಗೂ ಬೇಡದವಳು. ಅವಳಿಂದಾದರೂ ಉಪಯೋಗ ಆಗಲಿ! ರಮಾಬಾಯಿ 1889ರಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನ ತೆರೆದರು. ಮದರಾಸಿನಲ್ಲಿ ಸುಬ್ಬಲಕ್ಷ್ಮಿ, ತಾವೇ ಬಾಲವಿಧವೆ, 1911ರಲ್ಲಿ ಬಿ.ಎ. ಮುಗಿಸಿ, 1912ರಲ್ಲಿ ಬ್ರಾಹ್ಮಣ ವಿಧವೆಯರಿಗೆ ಆಶ್ರಮ ಕಟ್ಟಿ, ಅಲ್ಲಿಂದ ಟೀಚರುಗಳನ್ನು ತಯಾರು ಮಾಡಿದರು. ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರು ಅರಮನೆಯ ಆಶ್ರಯದಲ್ಲಿ 1881ರಲ್ಲಿ ತೆರೆದ ಮಹಾರಾಣಿ ಹೆಣ್ಣುಮಕ್ಕಳ ಶಾಲೆಯೂ ಮೇಲ್ಜಾತಿ ಮನೆಗಳ ಹುಡುಗಿಯರಿಗಾಗಿಯೇ ಶುರುವಾದದ್ದು. ಈ ಹೆಂಗಸರ ಸಂಕಟವನ್ನು ನಾನು ಹಗುರ ಮಾಡುತ್ತಿಲ್ಲ. ಹತ್ತು ವರ್ಷಕ್ಕೆ ಬೋಳು ತಲೆ ಮಾಡಿಸಿಕೊಂಡ ಹುಡುಗಿ ಮೂವತ್ತಕ್ಕೆ ಸೀಮೆಸುಣ್ಣ ಹಿಡಿದು ಸಂಬಳ ಎಣಿಸಿದಳು ಅಂದರೆ ಅದು ಸಣ್ಣ ಬಂಡಾಯ ಅಲ್ಲ. ರಮಾಬಾಯಿಯಂತೂ 1896-97ರ ಬರಗಾಲದಲ್ಲಿ ಜಾತಿ ನೋಡದೆ ಹೆಣ್ಣುಮಕ್ಕಳನ್ನು ಕರೆತಂದು ಸಾಕಿದವರು. ನನ್ನ ಮಾತು ಇಷ್ಟೇ: ಇರಲು ಮನೆ, ಊಟ, ತರಬೇತಿ, ಕೊನೆಗೆ ಕೆಲಸ, ಈ ನಾಲ್ಕನ್ನೂ ಸೇರಿಸಿ ಕೊಟ್ಟದ್ದರಿಂದ ಮೇಲ್ಜಾತಿಯ ಹೆಣ್ಣು ಹೈಸ್ಕೂಲು ಟೀಚರ್ ಆದಳು. ನಮ್ಮವರಿಗೆ ಆ ನಾಲ್ಕರಲ್ಲಿ ಒಂದನ್ನೂ ಕೊಡದೆ, ಇವರಿಗೆ ಓದಿನಲ್ಲಿ ಆಸಕ್ತಿ ಇಲ್ಲ ಅಂದರು.

ಆಸಕ್ತಿ ಇದ್ದವರ ಕತೆ ಏನಾಯಿತು, ಕೇಳಿ. ನಾಗಪುರದ ಹತ್ತಿರ ಉಮರೇಡಿನಲ್ಲಿ 1892ರಲ್ಲಿ ಹುಟ್ಟಿದ ಜಾಯಿಬಾಯಿ ಚೌಧರಿ ಮಹಾರರ ಹೆಣ್ಣು. ತಲೆ ಮೇಲೆ ಸಾಮಾನು ಹೊತ್ತು ಕೂಲಿ ಮಾಡಿದವಳು. ಒಬ್ಬ ಮಿಷನರಿ ಹೆಂಗಸಿನ ಕಣ್ಣಿಗೆ ಬಿದ್ದು ಮಿಷನ್ ಶಾಲೆಯಲ್ಲಿ ಟೀಚರ್ ಆದಳು. ಪಾಠ ಹೇಳುವವಳು ಅಸ್ಪೃಶ್ಯಳು ಅಂತ ಗೊತ್ತಾಗುತ್ತಲೇ ಸವರ್ಣೀಯರು ಮಕ್ಕಳನ್ನು ಬಿಡಿಸಿಕೊಂಡು ಹೋದರು, ಕೆಲಸ ಹೋಯಿತು. ಜಾಯಿಬಾಯಿ 1922ರಲ್ಲಿ ನಾಗಪುರದಲ್ಲಿ ತಾನೇ ಹೆಣ್ಣುಮಕ್ಕಳ ಶಾಲೆ ಕಟ್ಟಿದಳು, ಸಂತ ಚೋಖಾಮೇಳಾನ ಹೆಸರಿನಲ್ಲಿ. 1937ರಲ್ಲಿ ಅದೇ ನಾಗಪುರದಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಅಧಿವೇಶನ. ಹೆಣ್ಣಿನ ವಿದ್ಯೆಯ ಬಗ್ಗೆ ನಿರ್ಣಯ ಮಾಡಲು ಕೂಡಿದ ಆ ಸಭೆಯಲ್ಲಿ ಹದಿನೈದು ವರ್ಷ ಶಾಲೆ ನಡೆಸಿದ ಈ ಹೆಂಗಸನ್ನು ಊಟಕ್ಕೆ ಬೇರೆ ಕೂರಿಸಿದರು. ಹೆಣ್ಣು ಅನ್ನುವ ಕಾಲಂನಲ್ಲಿ ಅವಳಿಗೆ ಎಲೆ ಹಾಕಲಿಲ್ಲ. ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್ 1989ರಲ್ಲಿ ಮರಾಠಿಯಲ್ಲಿ ತಂದ ಪುಸ್ತಕ ಇಲ್ಲದೇ ಹೋಗಿದ್ದರೆ ಇಂಥವರ ಹೆಸರು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ.

ನನ್ನನ್ನು ಬಹಳ ಕಾಡಿದವಳು ಕೇರಳದ ದಾಕ್ಷಾಯಿಣಿ. ಅಲ್ಲಿ ಪುಲಯರ ಮಕ್ಕಳಿಗೆ ಶಾಲೆಯ ಬಾಗಿಲು ಹೇಗೆ ತೆರೆಯಿತು ಅನ್ನೋದನ್ನು ಮೊದಲು ಹೇಳಬೇಕು. 1910ರ ದಶಕದಲ್ಲಿ ತಿರುವಾಂಕೂರಿನ ಊರೂಟ್ಟಂಬಲಂ ಶಾಲೆಗೆ ಅಯ್ಯಂಕಾಳಿ ಪಂಚಮಿ ಅನ್ನುವ ಪುಲಯ ಹುಡುಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಸವರ್ಣೀಯರು ಶಾಲೆಗೇ ಬೆಂಕಿ ಇಟ್ಟರು. ಸುಟ್ಟು ಉಳಿದ ಒಂದು ಬೆಂಚನ್ನು ಆ ಶಾಲೆಯಲ್ಲಿ ಇವತ್ತೂ ಇಟ್ಟುಕೊಂಡಿದ್ದಾರೆ. ಇತ್ತ ಕೊಚ್ಚಿಯಲ್ಲಿ ಪುಲಯರಿಗೆ ಸಭೆ ಸೇರಲು ನೆಲ ಇಲ್ಲ ಅಂದಾಗ, 1913ರಲ್ಲಿ ದೋಣಿಗೆ ದೋಣಿ ಕಟ್ಟಿ ಹಿನ್ನೀರಿನ ಮೇಲೆ ಸಭೆ ಮಾಡಿದರು. ನೀರಿಗೆ ಯಾವ ದೊರೆಯ ಅಪ್ಪಣೆ? ಆ ಸಭೆ ಕಟ್ಟಿದವರ ಮನೆಯಲ್ಲೇ, ಮುಳವುಕಾಡು ದ್ವೀಪದಲ್ಲಿ, 1912ರಲ್ಲಿ ಹುಟ್ಟಿದ್ದು ದಾಕ್ಷಾಯಿಣಿ. ಆ ಹೆಸರೇ ಒಂದು ಜಗಳ. ಪುಲಯರ ಹುಡುಗಿಯರಿಗೆ ಅಳಗಿ, ಕಾಳಿ, ಚಕ್ಕಿ ಅಂತ ಇಡಬೇಕಿತ್ತು. ನಮ್ಮ ಕೇರಿಗಳಲ್ಲಿ ಕೆಂಪಿ, ಕರಿಗಿ ಅಂತ ಇಟ್ಟ ಹಾಗೆ. ಮೇಲಿನವರ ದೇವತೆಯ ಹೆಸರನ್ನು ಇವಳಿಗೆ ಇಟ್ಟರು.

ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ಅವಳು ಓದಿದ್ದು ರಸಾಯನಶಾಸ್ತ್ರ. ಮೇಲ್ಜಾತಿಯ ಅಧ್ಯಾಪಕರೊಬ್ಬರು ಪ್ರಯೋಗವನ್ನು ಅವಳಿಗೆ ಹತ್ತಿರದಿಂದ ತೋರಿಸುತ್ತಿರಲಿಲ್ಲ. ದೂರ ನಿಂತು ಕಣ್ಣಲ್ಲೇ ಕಲಿತಳು. 1935ರಲ್ಲಿ ಬಿ.ಎಸ್ಸಿ. ಪಾಸಾದಳು. ಇಂಡಿಯಾದಲ್ಲಿ ಡಿಗ್ರಿ ಪಡೆದ ಮೊದಲನೇ ದಲಿತ ಹೆಣ್ಣು ಅಂತ ಚರಿತ್ರೆ ಅವಳನ್ನು ಗುರುತಿಸುತ್ತದೆ. ಮದರಾಸಿನಲ್ಲಿ ಶಿಕ್ಷಕ ತರಬೇತಿಯೂ ಆಯಿತು. 1935ರಿಂದ 1945ರವರೆಗೆ ತ್ರಿಚೂರು, ತ್ರಿಪ್ಪುಣಿತ್ತುರಗಳ ಸರ್ಕಾರಿ ಹೈಸ್ಕೂಲುಗಳಲ್ಲಿ ಮೇಡಂ. ಶಾಲೆಗೆ ಹೋಗುವ ದಾರಿಯಲ್ಲಿ ಗದ್ದೆಯ ಬದು. ಎದುರಿಗೆ ಬಂದ ಮೇಲ್ಜಾತಿ ಹೆಂಗಸು, ದಾರಿ ಬಿಟ್ಟು ಗದ್ದೆಗೆ ಇಳಿ ಅಂದಳಂತೆ. ದಾಕ್ಷಾಯಿಣಿ ಇಳಿಯಲಿಲ್ಲ, ನಿನಗೆ ಹೋಗಬೇಕಾದರೆ ನೀನೇ ಇಳಿ ಅಂದಳಂತೆ. ಅವಳ ಮಗಳು ಬರೆದಿಟ್ಟ ನೆನಪುಗಳಿಂದ ನಮಗೆ ಸಿಗುವ ಸಂಗತಿ ಇದು. ನೀರು ಕಟ್ಟಿದ ಗದ್ದೆಯ ಬದು ಎಷ್ಟು ಅಗಲ ಇರುತ್ತದೆ ಅಂತ ನಾಟಿ ಹಾಕಿದವರಿಗೆಲ್ಲ ಗೊತ್ತು. ಒಬ್ಬರ ಪಾದ ಇಡುವಷ್ಟು. ಆ ಬದುವಿನ ಮೇಲೆ ನಿಂತ ಆ ಹೆಣ್ಣು ಅವತ್ತು ಕ್ಲಾಸಿಗೆ ಹೋಗಿ ಆಮ್ಲ, ಪ್ರತ್ಯಾಮ್ಲ ಪಾಠ ಮಾಡಿರಬಹುದು. 1946ರಲ್ಲಿ ಅವಳು ಸಂವಿಧಾನ ಸಭೆಗೆ ಹೋದಳು. ಅಲ್ಲಿದ್ದ ಒಬ್ಬಳೇ ದಲಿತ ಹೆಣ್ಣು, ಒಬ್ಬ ಹೈಸ್ಕೂಲು ಟೀಚರ್.

ಇವಳಂಥವಳು ಒಬ್ಬಳೇ ಯಾಕೆ ಅನ್ನುವುದಕ್ಕೆ ಉತ್ತರ 1942ರ ಜುಲೈನಲ್ಲಿ ನಾಗಪುರದಲ್ಲಿ ನಡೆದ ದಲಿತ ಮಹಿಳೆಯರ ಸಮ್ಮೇಳನದಲ್ಲಿದೆ. ಬಾಬಾಸಾಹೇಬರು ಮಾತನಾಡಿದ ಆ ಸಮ್ಮೇಳನದಲ್ಲಿ ಸಾವಿರ ಸಾವಿರ ಹೆಂಗಸರು ಸೇರಿ ನಿರ್ಣಯ ಮಾಡಿದರು. ಹುಡುಗಿಯರಿಗೆ ಹಾಸ್ಟೆಲ್ ಕೊಡಿ ಅನ್ನೋದು ಆ ನಿರ್ಣಯಗಳಲ್ಲೊಂದು. ಓದು ಕೊಡಿ ಅಂತ ಕೇಳಿ ಸುಮ್ಮನಾಗಲಿಲ್ಲ, ಓದಲು ರಾತ್ರಿ ಮಲಗುವ ಜಾಗ ಕೊಡಿ ಅಂತಲೂ ಕೇಳಿದರು. ವಿಧವಾಶ್ರಮಗಳ ಗುಟ್ಟು ನಮ್ಮ ತಾಯಂದಿರಿಗೆ ಗೊತ್ತಿತ್ತು.

ಸ್ವಾತಂತ್ರ್ಯ ಬಂತು ಅಂದರು. 1950-51ರಲ್ಲಿ ಇಂಡಿಯಾದ ಹೈಸ್ಕೂಲುಗಳಲ್ಲಿ ನೂರು ಜನ ಗಂಡು ಮೇಷ್ಟ್ರಿಗೆ ಹೆಣ್ಣು ಟೀಚರು ಸುಮಾರು 19. ಪ್ರೈಮರಿಯಲ್ಲೂ 20ರ ಹತ್ತಿರವೇ. ಅಂದರೆ ಸ್ವಾತಂತ್ರ್ಯದ ಹೊಸತರಲ್ಲಿ ಮೇಲೆ ಕೆಳಗೆ ಎರಡೂ ಕಡೆ ಬರವೇ. 2019-20ರ ಹೊತ್ತಿಗೆ ಪ್ರೈಮರಿಯಲ್ಲಿ ನೂರಕ್ಕೆ 125, ಹೈಸ್ಕೂಲಿನಲ್ಲಿ ನೂರಕ್ಕೆ 82. ಎರಡೂ ಒಟ್ಟಿಗೆ ಹೊರಟು ಒಂದು ಮುಂದೆ ಹೋಯಿತು, ಒಂದು ಹಿಂದೆ ಉಳಿಯಿತು. ದುರ್ಗಾಬಾಯಿ ದೇಶಮುಖ್ ಸಮಿತಿ 1959ರಲ್ಲಿ ವರದಿ ಕೊಟ್ಟಿತು, ಕೊಠಾರಿ ಆಯೋಗ 1966ರಲ್ಲಿ ವರದಿ ಕೊಟ್ಟಿತು. ಹಳ್ಳಿಗೆ ಹೋಗುವ ಶಿಕ್ಷಕಿಯರಿಗೆ ವಾಸಕ್ಕೆ ಮನೆ ಕೊಡಿ, ವಿಶೇಷ ಭತ್ಯೆ ಕೊಡಿ ಅಂತ ಕೊಠಾರಿಯವರು ಬರೆದರು. ಮನೆ ಕಾಗದದಲ್ಲೇ ಉಳಿಯಿತು. ಪ್ರೈಮರಿಗೆ ಮಾತ್ರ ಒಂದು ಕಾಲ ಬಂತು. 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಶುರುವಾದಾಗ ಏಕೋಪಾಧ್ಯಾಯ ಶಾಲೆಗೆ ಕೊಡುವ ಎರಡನೇ ಟೀಚರು ಆದಷ್ಟೂ ಹೆಣ್ಣಾಗಿರಲಿ ಅಂದರು. 2001ರ ಸರ್ವ ಶಿಕ್ಷಾ ಅಭಿಯಾನದಲ್ಲಿ ಹೊಸ ನೇಮಕದಲ್ಲಿ ಅರ್ಧ ಹೆಂಗಸರಿಗೆ ಅಂದರು. ಬರೆದು ಇಟ್ಟಾಗ ಸಂಖ್ಯೆ ಏರಿತು. ಹೈಸ್ಕೂಲಿಗೆ ದೇಶದ ಮಟ್ಟದ ಅಭಿಯಾನ ಬಂದದ್ದು 2009ರಲ್ಲಿ. ಕಸ್ತೂರಬಾ ವಸತಿ ಶಾಲೆಗಳು 2004ರಲ್ಲಿ ದಲಿತ, ಆದಿವಾಸಿ, ಹಿಂದುಳಿದ, ಅಲ್ಪಸಂಖ್ಯಾತ ಹುಡುಗಿಯರಿಗಾಗಿ ಬಂದವು. ಒಳ್ಳೆಯ ಕೆಲಸ, ಆದರೆ ಅವೂ ಮೊದಲು ಎಂಟನೇ ಕ್ಲಾಸಿಗೇ ನಿಂತವು. ಎಂಟು ಮುಗಿದ ಮೇಲೆ ಹುಡುಗಿ ಮತ್ತೆ ಅದೇ ಕೆರೆ ಏರಿಗೆ ಬರಬೇಕು.

ಹೈಸ್ಕೂಲು ಮೇಡಂ ಆಗಬೇಕಾದರೆ ಹತ್ತು ವರ್ಷದ ಶಾಲೆ, ಎರಡು ವರ್ಷದ ಪಿ.ಯು., ಮೂರು ವರ್ಷದ ಡಿಗ್ರಿ, ಈಗ ಎರಡು ವರ್ಷದ ಬಿ.ಎಡ್. ಹದಿನೇಳು ವರ್ಷ ಒಂದು ಹುಡುಗಿ ಮದುವೆಯಿಂದ, ಕೂಲಿಯಿಂದ, ಫೀಸಿನಿಂದ ತಪ್ಪಿಸಿಕೊಂಡು ಬದುಕಬೇಕು. ತಪ್ಪಿಸಿಕೊಂಡು ಬಂದವಳಿಗೆ ಊರು ಏನು ಮಾಡುತ್ತದೆ ಅನ್ನೋದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾನು ಒಂಬತ್ತರಲ್ಲಿದ್ದಾಗ ನಮ್ಮ ಹೈಸ್ಕೂಲಿಗೆ ಮೊದಲನೇ ಮೇಡಂ ಬಂದರು. ಗಣಿತ. ಸಣ್ಣ ದೇಹ, ದೊಡ್ಡ ದನಿ. ಬಂದ ವಾರವೇ ಬಾಡಿಗೆ ಮನೆ ಹುಡುಕಲು ಹೊರಟರು, ದಾರಿ ತೋರಿಸಲು ನಾವು ಇಬ್ಬರು ಹುಡುಗರು ಜೊತೆಗೆ. ಮೊದಲನೇ ಮನೆಯಲ್ಲಿ ನೀರು ಕೊಟ್ಟು, 'ನೀವು ಯಾವ ಪೈಕಿ?' ಅಂದರು. ಮೇಡಂ ಮುಚ್ಚುಮರೆ ಇಲ್ಲದೆ ಹೇಳಿದರು. ಆ ಮನೆಯ ಯಜಮಾನರಿಗೆ ತಕ್ಷಣ ಮಗಳು ಬಾಣಂತನಕ್ಕೆ ಬರುವುದು ನೆನಪಾಯಿತು. ಎರಡನೇ ಮನೆಯ ರೂಮಿಗೆ ಗೊಬ್ಬರದ ಮೂಟೆ ಬರುವುದಿತ್ತು. ಮೂರನೆಯದರ ಬೀಗದ ಕೀಲಿಕೈ ಸಿಗಲಿಲ್ಲ. ನಾಲ್ಕನೇ ಮನೆಗೆ ಮೇಡಂ ಹೋಗಲೇ ಇಲ್ಲ. 'ನಡೀರಪ್ಪಾ, ನಿಮಗೆ ಟೆಸ್ಟ್ ಐತೆ' ಅಂದು ವಾಪಸು ತಿರುಗಿದರು. ಆಮೇಲೆ ಎರಡು ವರ್ಷ ದಿನಾ ನಲವತ್ತು ಕಿಲೋಮೀಟರಿನಿಂದ ಬಸ್ಸಿನಲ್ಲಿ ಬಂದರು, ಮೊದಲನೇ ಬಸ್ಸು ತಪ್ಪಿದ ದಿನ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ.

ವಿಜ್ಞಾನದ ಬೀರುವಿನ ಕೆಳಗಿನ ಖಾನೆಯ ಕೀಲಿಕೈಯನ್ನು ಮೇಡಂ ತಮ್ಮ ಹತ್ತಿರ ಇಟ್ಟುಕೊಂಡಿದ್ದರು. ಹುಡುಗಿಯರು ಆಗಾಗ ಹೋಗಿ ಕೀಲಿಕೈ ಇಸಕೊಂಡು ಬರುತ್ತಿದ್ದರು. ಅದರಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಪ್ಯಾಡು, ಪಿನ್ನು, ಒಂದು ಹಳೇ ಲಂಗ ಇರುತ್ತಿತ್ತು ಅನ್ನೋದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಒಬ್ಬಳು ಸಹಪಾಠಿ ಹೇಳಿದಾಗ. ಆ ಎರಡು ವರ್ಷ ನಮ್ಮ ಕೇರಿಯ ಹುಡುಗಿಯರು ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುವುದು ನಿಂತಿತ್ತು. ಗಂಡು ಮೇಷ್ಟ್ರ ಹತ್ತಿರ ಆ ಕೀಲಿಕೈ ಇದ್ದಿದ್ದರೆ ಯಾವ ಹುಡುಗಿ ಹೋಗಿ ಕೇಳುತ್ತಿದ್ದಳು?

ಮೇಡಂ ವರ್ಗ ಮಾಡಿಸಿಕೊಂಡು ಹೋದ ದಿನ ನಮ್ಮ ಮೇಷ್ಟ್ರೊಬ್ಬರು ಕ್ಲಾಸಿನಲ್ಲಿ, 'ಹೆಂಗಸ್ರು ಹಳ್ಳಿ ಸ್ಕೂಲಲ್ಲಿ ನಿಲ್ಲಲ್ಲ ಕಣ್ರಪ್ಪಾ' ಅಂದರು. ಹುಡುಗರೆಲ್ಲ ನಕ್ಕೆವು. ಮನೆ ಮನೆ ತಿರುಗಿದಾಗ ಜೊತೆಗಿದ್ದ ನಾನೂ ನಕ್ಕೆ.

ಅಕ್ಕನ ಮಗಳು ಈ ಜೂನಿಗೆ ಎಂಟನೇ ಕ್ಲಾಸು. ಅವಳನ್ನು ಕೊಟ್ಟ ಊರಿನ ಶಾಲೆಯೂ ಏಳಕ್ಕೇ ಮುಗಿಯುತ್ತದೆ. ಅಕ್ಕ ಫೋನು ಮಾಡಿ, 'ನೀನು ಓದ್ದೋನು, ಹೋಗಿ ನೋಡ್ಕಂಡು ಬಾ' ಅಂದಳು. ಹೋದೆ. ಹೆಡ್‌ಮಾಸ್ಟರ ಕೋಣೆಯಲ್ಲಿ ಸಿಬ್ಬಂದಿಯ ಹೆಸರಿನ ಹಲಗೆ ತೂಗುಹಾಕಿದ್ದರು. ಒಂಬತ್ತು ಹೆಸರು. ಮೂರು ಹೆಣ್ಣು. ಅದರಲ್ಲಿ ಎರಡರ ಮುಂದೆ 'ಅತಿಥಿ' ಅಂತ ಸೀಮೆಸುಣ್ಣದಲ್ಲಿ ಬರೆದಿತ್ತು. ಬಣ್ಣದಲ್ಲಿ ಬರೆದದ್ದು ಒಂದೇ ಹೆಸರು, ವಿಜ್ಞಾನ.

'ಅತಿಥಿ ಅಂದ್ರೇನ್ಲಾ?' ಅಂತ ಕೇಳಿದಳು ಅಕ್ಕ.

'ವರ್ಷ ವರ್ಷ ಬದ್ಲಾಯ್ತಾರೆ ಕಣಕ್ಕ. ಸಂಬಳ ಅನ್ನಲ್ಲ, ಗೌರವಧನ ಅಂತಾರೆ.'

'ಹಂಗಾರೆ ನಿಂತಿರೋದು ಒಬ್ರೇ ಅನ್ನು.'

'ಹೂಂ. ಒಬ್ರು.'

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: 'ಅವ್ರು ಎಲ್ಲಿಂದ ಬತ್ತಾರೆ? ಆ ಊರಲ್ಲಿ ಅವ್ರಿಗೆ ಮನೆ ಕೊಟ್ಟವ್ರಾ?'